ಕರಿಯಯ್ಯನ ತೆಪ್ಪ

ತೆಪ್ಪ ಸುಳಿಗೆ ಸಿಕ್ಕಿ ಗಿರ್ರನೆ ತಿರುಗಿದಾಗ ಕರಿಯಯ್ಯನ ಒಂದು ಕಾಲು ತಾನಾಗಿಯೇ ಅಂಚಿನ ಮೇಲೇರಿತು. ಹೋದ ವರ್ಷ ಹೆಮ್ಮಿಗೆ ಹೊಳೆಯ ಇದೇ ಸುಳಿಯಲ್ಲಿ ಅವನು ತೆಪ್ಪದಲ್ಲಿದ್ದವರನ್ನು ಬಿಟ್ಟು ನೀರಿಗೆ ಹಾರಿದ್ದ. ಅವರು ಹೇಗೋ ಉಳಿದರು. ಆಮೇಲೆ ಅವನ ತೆಪ್ಪವನ್ನು ಯಾರೂ ಹತ್ತಲಿಲ್ಲ. ಅಂದು ಅದರಲ್ಲಿದ್ದ ಚೌಡಮ್ಮನೇ ಇವತ್ತು ಹಸುಗೂಸು ಮೊಮ್ಮಗಳೊಂದಿಗೆ ಹತ್ತಿದ್ದಳು.

ಚೌಡಮ್ಮ ಅವನ ಕಾಲನ್ನು ನೋಡಿದಳು. ಬೈಯಲಿಲ್ಲ. "ಕೂಸ್ನ ನಾ ಇಡ್ಕೊಂಡಿವ್ನಿ. ನೀನು ಉಟ್ಟು ಆಕು ಕಣಣ್ಣ," ಎಂದಳು.

ಕರಿಯಯ್ಯ ಕಾಲು ಕೆಳಗಿಟ್ಟು, ಮಂಡಿಯೂರಿ, ರಟ್ಟೆ ಸೋಲುವ ತನಕ ಹುಟ್ಟು ಹಾಕಿದ. ತೆಪ್ಪ ಸುಳಿಯಿಂದ ಜಾರಿ ಆಚೆ ದಡದ ಮರಳಿಗೆ ತಾಗಿದಾಗ ಅವನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಬನ್ರೋ, ಅತ್ಕಳಿ!" ಎಂದು ಚೌಡಮ್ಮ ಕೂಗಿದಳು. ದಡದಲ್ಲಿ ಎಲ್ಲವನ್ನೂ ನೋಡುತ್ತ ನಿಂತಿದ್ದವರು ಚಪ್ಪಲಿ ಕೈಗೆತ್ತಿಕೊಂಡು, ಒಬ್ಬರ ಹಿಂದೊಬ್ಬರು ಅವನ ತೆಪ್ಪದತ್ತ ನೀರಿಗಿಳಿದರು.