ಅಪ್ಪನ ಕುಡಿಕೆಯ ಗಸಿ

ಮನೆಯಲ್ಲೇ ಮಾಡಿದ ಬಿಯರು ಬಗ್ಗಿಸಿಕೊಂಡ ಮೇಲೆ ತಳದ ಗಸಿಯನ್ನು ಮುಂದಿನ ಸಲಕ್ಕೆಂದು ಜಾಡಿಗೆ ತುಂಬಿ ಫ್ರಿಜ್ಜಿನಲ್ಲಿಡುವಾಗ, ಆ ಹುಳಿ ವಾಸನೆಗೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಅಕ್ಕಿಹೆಬ್ಬಾಳಿನ ಮನೆಯಲ್ಲಿ ಅಪ್ಪ ರಾಗಿ ಹೆಂಡ ಮಾಡುತ್ತಿದ್ದ. ಪ್ರತಿ ಸಲವೂ ಗಸಿಯನ್ನು ಕುಡಿಕೆಯಲ್ಲಿ ಎತ್ತಿಟ್ಟು ಮುಂದಿನ ಹೆಂಡಕ್ಕೆ ಅದನ್ನೇ ಬೆರೆಸುತ್ತಿದ್ದ. ಅವನು ಸತ್ತ ಮೇಲೆ ಅವ್ವ ಆ ಗಸಿಗೆ ಬೆಲ್ಲದ ನೀರು ಹಾಕುತ್ತಾ ಕೆಡದಂತೆ ಕಾಪಾಡಿದಳು. ಹಿರಿಯರ ಹಬ್ಬದಲ್ಲಿ ಅಪ್ಪನ ಎಡೆಗೆ ಅವನ ಹೆಂಡವನ್ನೇ ಇಡಬೇಕೆಂಬುದು ಅವಳ ಹಟ.

ಹಬ್ಬ ಹತ್ತಿರವಿತ್ತು. ಮಧ್ಯಾಹ್ನ ನಾನೂ ಅವ್ವನೂ ಗದ್ದೆಯಿಂದ ಬಂದರೆ ಕುಡಿಕೆ ಜಗುಲಿಯ ಮೇಲೆ ಬೋರಲು ಬಿದ್ದಿತ್ತು.

"ನನ್ನ ಮಗಳ್ನ ನೋಡೋಕೆ ನೆಂಟ್ರು ಬತ್ತಾವ್ರೆ. ಮನೆ ತುಂಬ ಗಬ್ಬುನಾತ. ತಿಪ್ಪೆಗೆ ಸುರಿದ್ಬುಟ್ಟೆ ಕಣಮ್ಮಿ," ಎಂದ ಅದೇ ಮನೆಯಲ್ಲಿದ್ದ ದೊಡ್ಡಪ್ಪ.

"ನಿಮ್ಮ ತಮ್ಮ ಮಾಡಿಟ್ಟಿದ್ದು ಭಾವ ಅದು!" ಎಂದಳು ಅವ್ವ.

"ಓಗ್ಲಿ ಬುಡು, ಅಂಗಡಿಯಿಂದ ಒಂದು ಬಾಟ್ಲು ತಂದಿಟ್ರಾಯ್ತು."

ಅವ್ವನ ಮುಖ ಕೆಂಪಾಯಿತು. ಕುಡಿಕೆಯೊಳಗೆ ಕೈಯಿಟ್ಟು, ಅಂಟಿಕೊಂಡಿದ್ದ ಗಸಿಯನ್ನು ಉಗುರಿನಿಂದ ಕೆರೆದು ಕೆರೆದು ಬೆಲ್ಲದ ನೀರಿಗೆ ಬಿಟ್ಟಳು. ಅದು ಹುಳಿ ಬಂದ ಮೇಲೆ ರಾಗಿಗೆ ಬೆರೆಸಿದಳು. ಹಬ್ಬದ ಹೊತ್ತಿಗೆ ಹೆಂಡ ನೊರೆಯೆದ್ದಿತು.

ಎಡೆ ಎತ್ತಿದ ಮೇಲೆ ದೊಡ್ಡಪ್ಪ ನಗುತ್ತಾ ಲೋಟ ಚಾಚಿದ. ಅವ್ವ ನಮ್ಮೆಲ್ಲರ ಲೋಟಕ್ಕೂ ಬಗ್ಗಿಸಿ, ಅವನ ಮುಂದೆ ಬರಿ ಕುಡಿಕೆಯನ್ನು ಇಟ್ಟಳು.

"ನಿಮ್ಮ ಪಾಲು ತಿಪ್ಪೇಲದೆ ಭಾವ. ಓಗಿ ತುಂಬ್ಕಳಿ."