ಖಾಲಿ ಬಿಟ್ಟ ಜಾಗ

ಹೆಂಡತಿ ಬರೆಯುತ್ತಿದ್ದ ಆಕಾರವಿಲ್ಲದ ಚಿತ್ರಗಳನ್ನು ಕಂಡರೆ ಅವನಿಗೆ ನಗು. ಮನೆಗೆ ಬಂದವರಿಗೆಲ್ಲ, "ಮಸಿಬಟ್ಟೆಗೆ ಫ್ರೇಮ್ ಹಾಕ್ಸಿದಾಳೆ ನೋಡಿ," ಎನ್ನುತ್ತಿದ್ದ.

ಆ ಬೆಳಿಗ್ಗೆ ಕಾಫಿಯ ಜೊತೆಗೆ ಹಾಳೆ, ಬಣ್ಣ, ಕುಂಚವನ್ನೂ ತಂದು ಅವನ ಮುಂದಿಟ್ಟಳು.

"ನೀವೇ ಒಂದು ಮಾಡಿ ನೋಡಿ. ಆಮೇಲೆ ನಗಿ."

"ಏನು ಬರೀಲಿ?"

"ನಮ್ಮ ಮನೇನ. ಗೋಡೆ, ಮನುಷ್ಯರು ಏನೂ ಬೇಡ. ಬರೀ ಬಣ್ಣ."

ಅವನು ಕಾಫಿ ಗುಟುಕರಿಸುತ್ತ ತಮಾಷೆಗೆಂದೇ ಶುರುಮಾಡಿದ. ತನಗೆಂದು ಹಚ್ಚಿದ ಕೆಂಪು ಹಾಳೆಯ ತುಂಬ ಹರಡಿತು. ಒಂದು ಮೂಲೆ ಮಾತ್ರ ಬೆಳ್ಳಗೆ ಉಳಿಯಿತು.

"ಇಲ್ಲೇನೂ ಹಾಕಿಲ್ವಲ್ಲ?"

"ಅದು ನೀನು," ಎಂದ. ಹೇಳಿದ ಮೇಲೆ ಅವನಿಗೇ ಕಸಿವಿಸಿಯಾಯಿತು.

"ಈಗ ಗೊತ್ತಾಯ್ತಲ್ಲ. ಖಾಲಿ ಬಿಟ್ಟ ಜಾಗಾನೂ ನೋಡಬೇಕು."

"ಕಾಫಿ ಯಾಕೋ ಕಹಿ ಇತ್ತು ಕಣೇ," ಎನ್ನುತ್ತ ಅವನು ಖಾಲಿ ಲೋಟ ಕೆಳಗಿಟ್ಟ. ಅವಳು ಅದನ್ನು ಆಗಲೇ ತೊಳೆಯಲು ಎತ್ತಿಕೊಂಡಳು.

ಅವನ ಕಣ್ಣು ತೆರೆದ ಬಾಗಿಲಿನಾಚೆ ಹೋಯಿತು. ಅವನ ತಾಯಿ ತೀರಿಕೊಂಡಾಗಿನ ಸೂತಕದ ದಿನಗಳನ್ನು ಬಿಟ್ಟರೆ ಅವಳು ಎಂದೂ ರಂಗೋಲಿ ತಪ್ಪಿಸಿದವಳಲ್ಲ.

ಇವತ್ತು ಹೊಸ್ತಿಲ ಮುಂದೆ ನೆಲ ಖಾಲಿ ಇತ್ತು.