ತಿದ್ದುಪಡಿಯವರ ಸ್ವಂತ ಸರ್ವರ್

ಕಳ್ಳತನ ಹೊರಗಿನವರದಲ್ಲ, ಒಳಗಿನವರದೇ.

ಹಿರಿಯ ನಕ್ಷೆಗಾರರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಪರದೆ ನೋಡಿದರು. ಸಂಶಯವೇ ಇಲ್ಲ. ಇಂಜಿನಿಯರ್ ಬರೆದದ್ದು, ಅಕೌಂಟೆಂಟ್ ಬರೆದದ್ದು, ಸೈಟ್ ಮೇಲ್ವಿಚಾರಕ ಬರೆದದ್ದು, ಎಲ್ಲ ಸಂದೇಶಗಳೂ ಬಂದಿದ್ದು ಒಂದೇ ಕಂಪ್ಯೂಟರಿನಿಂದ. ಅದು ಮುಂಬಾಗಿಲ ಪಕ್ಕ ಕೂರುವ ರಿಸೆಪ್ಷನಿಸ್ಟ್‌ಳದು. ಆಕೆ ಆಫೀಸಿನವರೆಲ್ಲರ ಪಾಸ್‌ವರ್ಡ್ ಕದ್ದು, ಎಲ್ಲರ ಹೆಸರಿನಲ್ಲೂ ಸರ್ವರ್ ಒಳಗೆ ಓಡಾಡುತ್ತಿದ್ದಳು. ನಗುನಗುತ್ತಾ ಬಾಗಿಲು ತೆಗೆಯುವ ಹೆಂಗಸು!

ಆ ಸರ್ವರ್ ನಕ್ಷೆಗಾರರ ಕೂಸು.

ಕಟ್ಟಡಗಳ ನಕ್ಷೆ ಮಾಡಿಕೊಡುವ ಆ ಚಿಕ್ಕ ಆಫೀಸಿನ ಮಾತುಕತೆ, ಕಡತಗಳೆಲ್ಲ ಮೊದಲು ಒಂದು ದೊಡ್ಡ ಕಂಪನಿಯ ಚಂದಾ ಸೇವೆಯಲ್ಲಿ ನಡೆಯುತ್ತಿದ್ದವು. ತಲೆಗಿಷ್ಟು ಎಂದು ತಿಂಗಳು ತಿಂಗಳೂ ಕಟ್ಟಬೇಕು. ಅಲ್ಲಿ ಎಲ್ಲರಿಗಿಂತ ಹೆಚ್ಚು ದುಡಿದವರು ನಕ್ಷೆಗಾರರೇ. ಯಾರು ಏನೇ ಬರೆಯಲಿ, ಕೆಳಗೆ ಅವರದೊಂದು ವಿವರಣೆ, ಒಂದು ತಿದ್ದುಪಡಿ, ಆ ತಿದ್ದುಪಡಿಗೊಂದು ತಿದ್ದುಪಡಿ. ‘ಮಧ್ಯಾಹ್ನ ಮೀಟಿಂಗ್’ ಎಂದು ಯಾರೋ ಬರೆದರೆ, ಮಧ್ಯಾಹ್ನ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಪುಟಗಟ್ಟಲೆ ತಿಳಿಸಿಕೊಡುತ್ತಿದ್ದರು. ಎಲ್ಲರೂ ಅವರನ್ನು ಪ್ರೀತಿಯಿಂದ ‘ತಿದ್ದುಪಡಿ’ ಎಂದೇ ಕರೆಯುತ್ತಿದ್ದರು. ಪ್ರೀತಿಯಿಂದ ಎನ್ನುವುದು ಅವರದೇ ಅಂದಾಜು.

ಸ್ವಂತ ಸರ್ವರ್ ಯೋಚನೆಯನ್ನು ಮೀಟಿಂಗಿನಲ್ಲಿ ಮುಂದಿಟ್ಟವರೂ ಅವರೇ. “ಕ್ಲೌಡಲ್ಲಿ ಒಂದು ಯಂತ್ರ ಬಾಡಿಗೆಗೆ ಹಿಡಿಯೋಣ. ತಂತ್ರಾಂಶ ನಮ್ಮದೇ ಹಾಕ್ಕೊಳ್ಳೋಣ. ನಮ್ಮ ನಕ್ಷೆ ನಮ್ಮ ಹಿಡಿತದಲ್ಲಿರುತ್ತೆ.”

“ಕೆಟ್ಟರೆ ಯಾರು ನೋಡ್ಕೋತಾರೆ? ಬ್ಯಾಕಪ್ಪು, ಅಪ್‌ಡೇಟು?” ಎಂದರು ಯಜಮಾನರು.

“ನಾನಿದ್ದೀನಲ್ಲ!”

ಇಂಜಿನಿಯರ್ ಮುಂದೆ ಬಾಗಿದ. “ಅಂದ್ರೆ ಸರ್, ನೀವು ಇಡೀ ದಿನ ಅದರಲ್ಲೇ ಇರ್ತೀರಾ?”

“ಅದರಲ್ಲೇ.”

“ಈ ಹಳೇದರ ಕಡೆ ಬರೋದೇ ಇಲ್ಲ?”

“ಇತ್ತ ತಲೆ ಹಾಕಿಯೂ ಮಲಗಲ್ಲ ಕಣಪ್ಪ.”

ಒಂದು ಪೆನ್ಸಿಲ್ ತರಿಸಲೂ ಹಿಂದೆಮುಂದೆ ನೋಡುವ ಯಜಮಾನರು ಅಲ್ಲೇ ಒಪ್ಪಿಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಕ್ಷೆಗಾರರು ಎದ್ದು ಎಲ್ಲರಿಗೂ ಕೈ ಮುಗಿದರು. ಅಷ್ಟು ವರ್ಷದ ನೌಕರಿಯಲ್ಲಿ ಅವರಿಗೆ ಸಿಕ್ಕ ಮೊದಲ ಚಪ್ಪಾಳೆ ಅದು.

ಹೊಸ ಸರ್ವರ್ ಬಂದಮೇಲೆ ಜನರ ಸ್ವಭಾವವೇ ಬದಲಾಯಿತು. ಅವರು ಏನು ಬರೆದರೂ ‘ಸರಿಯಾಗಿ ಹೇಳಿದ್ರಿ ಸರ್’ ಎಂದು ಉತ್ತರ. ಎದುರಿಗೆ ಸಿಕ್ಕರೆ ಮುಖ ತಿರುಗಿಸುವ ಅಕೌಂಟೆಂಟ್ ಕೂಡ ಅಲ್ಲಿ ‘ಮೊಣಕಾಲು ನೋವು ಹೇಗಿದೆ?’ ಎಂದು ವಿಚಾರಿಸುತ್ತಿದ್ದ. ಒಮ್ಮೆ ಅವರ ಕೈತಪ್ಪಿನಿಂದ ಸರ್ವರ್ ಇಡೀ ದಿನ ನೆಲಕಚ್ಚಿತು, ಒಬ್ಬರೂ ಗೊಣಗಲಿಲ್ಲ. ಎಂಥ ತಾಳ್ಮೆ ಎಂದುಕೊಂಡು ಅವರು ಕಣ್ಣು ಒರೆಸಿಕೊಂಡರು. ಮನೆಯಲ್ಲಿ ಅವರು ಬಾಯಿ ತೆರೆದರೆ ಹೆಂಡತಿ ಟಿವಿ ಸದ್ದು ಏರಿಸುತ್ತಿದ್ದಳು. ಅವರ ಮಾತಿಗೆ ಬೆಲೆ ಇದ್ದದ್ದು ಆ ಸರ್ವರ್‌ನಲ್ಲಿ ಮಾತ್ರ.

ಈಗ ಅದಕ್ಕೇ ಕನ್ನ. ಅದೂ ಇವತ್ತೇ! ಯಜಮಾನರ ತಮ್ಮ ತನ್ನ ಆಫೀಸಿಗೂ ಇಂಥದ್ದೇ ಬೇಕೇ ಎಂದು ತಿಳಿಯಲು ಬಂದು ಕ್ಯಾಬಿನ್ನಿನಲ್ಲಿ ಕೂತಿದ್ದ. ಸುದ್ದಿ ಬೇರೆಯವರ ಬಾಯಿಂದ ಹೊರಬಿದ್ದರೆ ಸರ್ವರ್ ಮುಚ್ಚಿಸುತ್ತಾರೆ. ಆಮೇಲೆ ಅವರು ಮತ್ತೆ ಮೂಲೆಯ ಮೇಜಿನ, ಯಾರಿಗೂ ಬೇಡದ ಮನುಷ್ಯ. ಅದಕ್ಕಿಂತ ಮೊದಲು ತಾವೇ ಕಳ್ಳಿಯನ್ನು ಹಿಡಿದುಕೊಡಬೇಕು.

ಸಾಕ್ಷಿ ಅಳಿಸಿಹೋಗದಿರಲಿ ಎಂದು ಅವರು ಸರ್ವರ್ ನಿಲ್ಲಿಸಿ ಎದ್ದರು. ಹಾಲ್ ದಾಟುವಾಗ ಯಾರೂ ತಲೆ ಎತ್ತಲಿಲ್ಲ. ಎಲ್ಲರ ಬೆರಳೂ ಕೀಲಿಮಣೆಯ ಮೇಲೆ ಓಡುತ್ತಲೇ ಇದ್ದವು. ಪಾಪ, ನಿಂತದ್ದು ಇನ್ನೂ ಗೊತ್ತಾಗಿಲ್ಲ ಎಂದು ಮರುಗಿದರು.

“ಯಜಮಾನ್ರೇ, ನಮ್ಮನೇಲೇ ಕಳ್ಳರಿದ್ದಾರೆ” ಎನ್ನುತ್ತಲೇ ಕ್ಯಾಬಿನ್ ಹೊಕ್ಕು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. “ಆಯಮ್ಮನ್ನ ಈಗಲೇ ಕೆಲಸದಿಂದ ತೆಗೀಬೇಕು!”

ಯಜಮಾನರು ಟೀ ಲೋಟದೊಳಗೆ ಇಣುಕುತ್ತಾ ಕೂತರು. ಕರೆದಾಗ ರಿಸೆಪ್ಷನಿಸ್ಟ್ ಬಂದಳು. ವಿಷಯ ಕೇಳಿದಳು. ಹೆದರಲಿಲ್ಲ.

“ಹೌದು ಸರ್, ಎಲ್ಲರ ಹೆಸರಲ್ಲೂ ಬರೀತಿದ್ದದ್ದು ನಾನೇ. ಅದು ನನಗೆ ಕೊಟ್ಟಿರೋ ಕೆಲಸ” ಎಂದಳು. ಆಮೇಲೆ ದನಿ ತಗ್ಗಿಸಿದಳು. “ಆದರೆ ನಿಮ್ಮ ಮೊಣಕಾಲು ವಿಚಾರಿಸಿ ಅಂತ ಯಾರೂ ಹೇಳಿರಲಿಲ್ಲ. ಅದು ನಾನಾಗೇ ಕೇಳಿದ್ದು.”

“ಕೆಲಸ ಕೊಟ್ಟಿದ್ದಾರಾ? ಯಾರು?”

ಯಜಮಾನರ ಕಂಪ್ಯೂಟರ್ ಟಿಣ್ ಎಂದಿತು. ಆ ಸದ್ದು ನಕ್ಷೆಗಾರರಿಗೆ ಚೆನ್ನಾಗಿ ಗೊತ್ತಿತ್ತು. ತಾವು ಬಿಡಿಸಿ ಹಾಕಿದ ಚಂದಾ ಸೇವೆಯ ಸದ್ದು. ಕತ್ತು ಚಾಚಿ ನೋಡಿದರು. ಇಂಜಿನಿಯರ್ ಆಗಷ್ಟೇ ಬರೆದಿದ್ದ: ‘ತಿದ್ದುಪಡಿ ಕ್ಯಾಬಿನ್ನಿಗೆ ಬಂದ್ರು, ಪರದೆ ಮುಚ್ಚಿ ಸರ್!’ ಅದರ ಕೆಳಗೆ ಅಕೌಂಟೆಂಟ್ ನಗುವ ಮುಖ ಹಾಕಿದ್ದ.

ನಕ್ಷೆಗಾರರಿಗೆ ತುಂಬ ನೋವಾಯಿತು. ಆಮೇಲೆ ‘ಮಧ್ಯಾಹ್ನ’ ಎಂದರೇನೆಂದು ತಾವು ಬರೆದ ಆ ಪುಟಗಳು ನೆನಪಾಗಿ, ಯಾಕೋ ನಗುವೂ ಬಂತು.

ಯಜಮಾನರ ತಮ್ಮನಿಗೆ ಏನೂ ಅರ್ಥವಾಗಿರಲಿಲ್ಲ, ಕೊನೆಗೆ ನಕ್ಷೆಗಾರರನ್ನೇ ಕೇಳಿದ: “ನೀವೇ ಹೇಳಿ ಸರ್, ಚಂದಾ ಬಿಟ್ಟು ಸ್ವಂತ ಸರ್ವರ್ ಮಾಡ್ಕೊಳ್ಳೋದು ಯಾವಾಗ ಒಳ್ಳೇದು?”

“ಚಂದಾ ಬಿಡೋದೇ ಬೇಡ ಕಣಪ್ಪ, ಆಫೀಸಲ್ಲಿ ನನ್ನಂಥವನೊಬ್ಬ ಇದ್ರೆ ಒಂದು ಸರ್ವರ್ ಮಾಡಿಸಿ, ಅವನೊಬ್ಬನನ್ನೇ ಅದಕ್ಕೆ ಸಾಗಹಾಕಿ, ಇವರ ಥರ ಹಳೇದರಲ್ಲೇ ಹಾಯಾಗಿರಿ.”